ಲೋಹ ಮತ್ತು ದ್ರವಗಳ ನಡುವೆ ಆರ್‌ಎಫ್‌ಐಡಿ ಹ್ಯಾಂಡ್‌ಹೆಲ್ಡ್ ರೀಡರ್ ಬಳಕೆ: ಪದೇ ಪದೇ ಕೇಳುವ ಪ್ರಶ್ನೆಗಳು

ಬೈಕಂಪಾಡಿಯ ಗೋದಾಮುಗಳು, ಮಲ್ಪೆ ಮತ್ತು ಮಂಗಳೂರು ದಕ್ಕೆಯ ಮೀನು ವ್ಯವಹಾರ, ಗೋಡಂಬಿ ಕಾರ್ಖಾನೆಗಳು, ಆಸ್ಪತ್ರೆಗಳ ಉಗ್ರಾಣಗಳು ಇಂಥ ಕಡೆಗಳಲ್ಲಿ ವಸ್ತುಗಳಿಗೆ ಅಂಟಿಸಿದ ಟ್ಯಾಗ್‌ಗಳನ್ನು (ಚಿಪ್ ಮತ್ತು ಆಂಟೆನಾ ಇರುವ ಗುರುತುಚೀಟಿಗಳನ್ನು) ರೇಡಿಯೊ ಅಲೆಯ ಮೂಲಕ ಗುರುತಿಸುವ, ಕೈಯಲ್ಲಿ ಹಿಡಿದು ಓದಿಸುವ ಆರ್‌ಎಫ್‌ಐಡಿ ರೀಡರ್‌ಗಳನ್ನು ಬಳಸಲು ಹೊರಟವರು ನಮ್ಮನ್ನು ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಲಾಗಿದೆ. ಕರಾವಳಿಯಲ್ಲಿ ಈ ಕೆಲಸಕ್ಕೆ ಎದುರಾಗುವ ತೊಡಕುಗಳು ಮುಖ್ಯವಾಗಿ ಎರಡು: ಎಲ್ಲೆಲ್ಲೂ ಇರುವ ಕಬ್ಬಿಣ ಮತ್ತು ಎಲ್ಲೆಲ್ಲೂ ಇರುವ ನೀರು. ಬೇರೆ ರೀತಿ ಹೇಳದ ಹೊರತು ಇಲ್ಲಿನ ಮಾತುಗಳೆಲ್ಲ ಬ್ಯಾಟರಿಯಿಲ್ಲದ ಯುಎಚ್‌ಎಫ್ (ನಮ್ಮಲ್ಲಿ 865 ಮೆಗಾಹರ್ಟ್ಸ್ ಸುತ್ತಲಿನ ರೇಡಿಯೊ ಅಲೆಯಲ್ಲಿ ಕೆಲಸ ಮಾಡುವ) ಟ್ಯಾಗ್‌ಗಳಿಗೆ ಸಂಬಂಧಿಸಿದವು.

ಮೇಜಿನ ಮೇಲೆ ಐದಾರು ಮೀಟರ್ ದೂರದಿಂದ ಓದುವ ಟ್ಯಾಗು, ಕಬ್ಬಿಣದ ಡ್ರಮ್ಮಿಗೆ ಅಂಟಿಸಿದ ಕೂಡಲೇ ಓದದೇ ಹೋಗುವುದೇಕೆ?

ಬ್ಯಾಟರಿಯಿಲ್ಲದ ಟ್ಯಾಗಿಗೆ ಸ್ವಂತ ಶಕ್ತಿಯಿಲ್ಲ. ರೀಡರ್ ಕಳುಹಿಸುವ ರೇಡಿಯೊ ಅಲೆಯಿಂದಲೇ ಅದರ ಚಿಪ್ ಎಚ್ಚರಗೊಳ್ಳಬೇಕು, ಮತ್ತು ಇಂದಿನ ಉತ್ತಮ ಚಿಪ್‌ಗಳಿಗೆ ಅದಕ್ಕಾಗಿ ಸುಮಾರು 10 ಮೈಕ್ರೊವ್ಯಾಟ್‌ನಷ್ಟು ಶಕ್ತಿ ಸಾಕು. ಆದರೆ ಅಲೆಯು ಲೋಹದ ಮೇಲ್ಮೈಗೆ ಬಡಿದಾಗ ಲೋಹದಲ್ಲಿ ಹುಟ್ಟುವ ವಿದ್ಯುತ್ ಪ್ರವಾಹವು ಅದಕ್ಕೆ ವಿರುದ್ಧವಾದ ಇನ್ನೊಂದು ಅಲೆಯನ್ನು ಹಿಂದಕ್ಕೆ ಕಳುಹಿಸುತ್ತದೆ. ಬಂದ ಅಲೆ ಮತ್ತು ಹಿಂದಿರುಗಿದ ಅಲೆ ಎರಡೂ ಸೇರಿ, ಲೋಹಕ್ಕೆ ತಾಗಿಕೊಂಡ ಜಾಗದಲ್ಲಿ ಒಂದನ್ನೊಂದು ಅಳಿಸಿಹಾಕುವುದರಿಂದ, ಟ್ಯಾಗಿನ ಆಂಟೆನಾ ಕುಳಿತಿರುವ ಆ ತೆಳುವಾದ ಪದರದಲ್ಲಿ ಹಿಡಿದುಕೊಳ್ಳಲು ಏನೂ ಉಳಿದಿರುವುದಿಲ್ಲ. ಇದರ ಜೊತೆಗೆ, ಗಾಳಿಯಲ್ಲಿ 866 ಮೆಗಾಹರ್ಟ್ಸ್‌ಗೆ ಹೊಂದಿಸಿದ ಆಂಟೆನಾ ಲೋಹದ ಪಕ್ಕಕ್ಕೆ ಬಂದಾಗ ತನ್ನ ಶ್ರುತಿಯನ್ನೇ ಕಳೆದುಕೊಳ್ಳುತ್ತದೆ. ಚಿಪ್ ಸತ್ತಿಲ್ಲ, ರೀಡರ್ ಕೆಟ್ಟಿಲ್ಲ. ಅದೇ ಟ್ಯಾಗನ್ನು ಡ್ರಮ್ಮಿನಿಂದ ಬಿಡಿಸಿ ಒಂದು ಬೆರಳಿನಷ್ಟು ಆಚೆ ಹಿಡಿದರೆ ಅದು ಮತ್ತೆ ಓದತೊಡಗುವುದನ್ನು ಯಾರು ಬೇಕಾದರೂ ನೋಡಬಹುದು. ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ನಾವು ಮೊದಲು ತೋರಿಸುವುದು ಇದನ್ನೇ.

ನೀರಿನಿಂದಾಗುವ ತೊಂದರೆಯೂ ಇದೇ ಬಗೆಯದೇ?

ಅಲ್ಲ. ಲೋಹ ಅಲೆಯನ್ನು ಹಿಂದಕ್ಕೆ ತಳ್ಳಿದರೆ, ನೀರು ಒಂದಷ್ಟನ್ನು ಹಿಂದಕ್ಕೆ ತಳ್ಳಿ ಒಳಹೊಕ್ಕದ್ದನ್ನು ನುಂಗುತ್ತದೆ. ನೀರಿನ ಸಾಪೇಕ್ಷ ಪರಾವೈದ್ಯುತ ಸ್ಥಿರಾಂಕ (ವಿದ್ಯುತ್ ಕ್ಷೇತ್ರಕ್ಕೆ ಒಂದು ವಸ್ತು ಎಷ್ಟು ಸ್ಪಂದಿಸುತ್ತದೆ ಎಂಬುದರ ಅಳತೆ) ಸುಮಾರು 80 ಇರುವುದರಿಂದ, ನೇರವಾಗಿ ಬಂದ ಅಲೆಯ ಶಕ್ತಿಯಲ್ಲಿ ಮೂರರಲ್ಲಿ ಎರಡು ಪಾಲಿನಷ್ಟು ನೀರಿನ ಮೇಲ್ಮೈಯಿಂದಲೇ ವಾಪಸಾಗುತ್ತದೆ. ಒಳಗೆ ಹೋದ ಉಳಿದ ಪಾಲಿನ ಗತಿ ನೀರು ಎಂಥದ್ದು ಎಂಬುದನ್ನು ಅವಲಂಬಿಸಿದೆ. ಸಿಹಿನೀರಿನಲ್ಲಿ ಪ್ರತಿ ಸೆಂಟಿಮೀಟರಿಗೆ ಸುಮಾರು ಹತ್ತನೇ ಒಂದು ಪಾಲು ಶಕ್ತಿ ಕರಗಿದರೆ, ಉಪ್ಪು ತುಂಬಿದ ಸಮುದ್ರದ ನೀರಿನಲ್ಲಿ ಒಂದು ಸೆಂಟಿಮೀಟರ್ ದಾಟುವಷ್ಟರಲ್ಲಿ ಐದನೇ ಒಂದು ಪಾಲಿಗಿಂತ ಕಡಿಮೆ ಉಳಿಯುತ್ತದೆ. ಐದು ಸೆಂಟಿಮೀಟರ್ ಕಳೆದ ಮೇಲೆ ಸಾವಿರದಲ್ಲಿ ಒಂದು ಪಾಲೂ ಇರುವುದಿಲ್ಲ. ಮೀನು, ಮಾಂಸ, ತರಕಾರಿ, ಮನುಷ್ಯನ ಶರೀರ ಇವೆಲ್ಲವೂ ರೇಡಿಯೊ ಅಲೆಯ ಮಟ್ಟಿಗೆ ಉಪ್ಪುನೀರಿನ ಚೀಲಗಳೇ. ಆದ್ದರಿಂದ ಕೊರಳಿಗೆ ಹಾಕಿಕೊಂಡ ಗುರುತಿನ ಚೀಟಿ ಎದೆಗೆ ಅಂಟಿಕೊಂಡಿದ್ದಾಗ ಓದದೆ, ಸ್ವಲ್ಪ ಮುಂದಕ್ಕೆ ಎತ್ತಿ ಹಿಡಿದಾಗ ಓದುತ್ತದೆ.

ಎಲ್ಲ ದ್ರವಗಳೂ ಹೀಗೆಯೇ ಅಡ್ಡಿ ಮಾಡುತ್ತವೆಯೇ?

ಈ ತಪ್ಪು ತಿಳಿವಳಿಕೆಯಿಂದ ಅನೇಕರು ಅನಗತ್ಯವಾಗಿ ದುಬಾರಿ ಟ್ಯಾಗ್‌ಗಳನ್ನು ಕೊಳ್ಳುತ್ತಾರೆ. ತೆಂಗಿನೆಣ್ಣೆ, ಡೀಸೆಲ್, ಎಂಜಿನ್ ಆಯಿಲ್ ಮುಂತಾದವುಗಳ ಪರಾವೈದ್ಯುತ ಸ್ಥಿರಾಂಕ 2ರಿಂದ 3ರ ಆಸುಪಾಸಿನಲ್ಲಿದ್ದು, ಅವು ರೇಡಿಯೊ ಅಲೆಗೆ ಬಹುಮಟ್ಟಿಗೆ ಪ್ಲಾಸ್ಟಿಕ್ಕಿನಂತೆಯೇ ಕಾಣುತ್ತವೆ. ಪ್ಲಾಸ್ಟಿಕ್ ಕ್ಯಾನಿನಲ್ಲಿ ತುಂಬಿದ ತೆಂಗಿನೆಣ್ಣೆಯ ಹೊರಮೈಗೆ ಸಾಮಾನ್ಯ ಸ್ಟಿಕ್ಕರ್ ಟ್ಯಾಗನ್ನೇ ಅಂಟಿಸಿ ನೆಮ್ಮದಿಯಿಂದ ಓದಿಸಬಹುದು. ಅದೇ ಎಣ್ಣೆಯನ್ನು ತಗಡಿನ ಟಿನ್ನಿಗೆ ತುಂಬಿದರೆ ತೊಂದರೆ ಕೊಡುವುದು ತಗಡೇ ಹೊರತು ಎಣ್ಣೆಯಲ್ಲ. ಇನ್ನೊಂದೆಡೆ ಉಪ್ಪಿನಕಾಯಿಯ ರಸ, ವಿನೆಗರ್, ಹಾಲು, ಸಲೈನ್, ಸೋಪಿನ ದ್ರಾವಣ ಇವೆಲ್ಲ ನೀರಿನ ಬಳಗಕ್ಕೇ ಸೇರುತ್ತವೆ. ಸ್ಪಿರಿಟ್ ಈ ಎರಡರ ನಡುವೆ ನಿಲ್ಲುತ್ತದೆ. ಆದ್ದರಿಂದ ನಮ್ಮಲ್ಲಿಗೆ ಬಂದವರನ್ನು ನಾವು ಮೊದಲು ಕೇಳುವ ಪ್ರಶ್ನೆಗಳೆಂದರೆ, ಡಬ್ಬಿಯೊಳಗೆ ಏನಿದೆ ಮತ್ತು ಡಬ್ಬಿ ಯಾವುದರದ್ದು ಎಂಬ ಎರಡು.

ಮಂಜುಗಡ್ಡೆ ತುಂಬಿದ ಮೀನಿನ ಕ್ರೇಟಿಗೆ ಟ್ಯಾಗನ್ನು ಎಲ್ಲಿ ಹಾಕಬೇಕು?

ಮಂಜುಗಡ್ಡೆಯ ಬಗ್ಗೆ ಒಂದು ಮಾತನ್ನು ಬಿಡಿಸಿ ಹೇಳಬೇಕಾಗಿದೆ. ಗಟ್ಟಿಯಾಗಿ, ಒಣಗಿರುವ ಮಂಜುಗಡ್ಡೆಯಲ್ಲಿ ನೀರಿನ ಕಣಗಳು ಅಲುಗಾಡಲಾಗದೆ ಬಂಧಿತವಾಗಿರುವುದರಿಂದ ಅದರ ಪರಾವೈದ್ಯುತ ಸ್ಥಿರಾಂಕ ಸುಮಾರು 3ಕ್ಕೆ ಇಳಿಯುತ್ತದೆ ಮತ್ತು ಅಲೆ ಅದರೊಳಗಿಂದ ಸರಾಗವಾಗಿ ಹಾದುಹೋಗುತ್ತದೆ. ಶೀತಲಗೃಹದಲ್ಲಿ ಚೆನ್ನಾಗಿ ಹೆಪ್ಪುಗಟ್ಟಿದ ಮೀನಿನ ರಟ್ಟಿನ ಪೆಟ್ಟಿಗೆ ಅಲ್ಲೇ ಒಳಗೆ ಸಲೀಸಾಗಿ ಓದಿ, ಹೊರಗೆ ತಂದು ಅರ್ಧ ಗಂಟೆ ಇಟ್ಟು ಬೆವರಿದ ಮೇಲೆ ಹಟ ಹಿಡಿಯುವುದಕ್ಕೆ ಕಾರಣ ಇದೇ. ದಕ್ಕೆಯಲ್ಲಿ ಬಳಸುವ ಪುಡಿ ಐಸ್ ಯಾವಾಗಲೂ ಕರಗುತ್ತಲೇ ಇರುತ್ತದೆ. ಕರಗಿದ ನೀರಿಗೆ ಮೀನಿನ ರಕ್ತ ಮತ್ತು ಉಪ್ಪು ಸೇರಿ ಅಲೆಯನ್ನು ಇನ್ನಷ್ಟು ನುಂಗುತ್ತದೆ.

ಮಲ್ಪೆಯಲ್ಲಿ ಒಂದು ಬೆಳಗ್ಗೆ ಬಂಗುಡೆ ತುಂಬಿದ ಪ್ಲಾಸ್ಟಿಕ್ ಕ್ರೇಟುಗಳ ಮೇಲೆ ಮಾಡಿದ ಪ್ರಯೋಗ ನನಗೆ ಇಂದಿಗೂ ಮಾರ್ಗದರ್ಶಿಯಾಗಿದೆ. ಖಾಲಿ ಕ್ರೇಟುಗಳ ಪಕ್ಕದ ಗೋಡೆಯ ನಡುಮಧ್ಯಕ್ಕೆ ಹಿಂದಿನ ಸಂಜೆ ಟ್ಯಾಗ್ ಅಂಟಿಸಿ, ಎಲ್ಲವೂ ಓದುತ್ತಿವೆ ಎಂದು ಖಚಿತಪಡಿಸಿಕೊಂಡಿದ್ದೆವು. ಬೆಳಗ್ಗೆ ಬೋಟಿನಿಂದ ಮೀನು ಇಳಿದು, ಕ್ರೇಟುಗಳು ತುಂಬಿ, ಮೇಲೆ ಐಸ್ ಬಿದ್ದ ಮೇಲೆ ರೀಡರಿನ ಟ್ರಿಗರ್ ಒತ್ತಿದರೆ ಸದ್ದೇ ಇಲ್ಲ. ಪ್ಲಾಸ್ಟಿಕ್ ಗೋಡೆಯ ಹಿಂಬದಿಗೆ ಬಂಗುಡೆಯ ಹೊಟ್ಟೆ ಒತ್ತಿಕೊಂಡಿತ್ತು. ಟ್ಯಾಗಿಗೂ ಮೀನಿಗೂ ನಡುವೆ ಇದ್ದದ್ದು ಎರಡು ಮೂರು ಮಿಲಿಮೀಟರ್ ಪ್ಲಾಸ್ಟಿಕ್ ಮಾತ್ರ. ಅಲ್ಲಿದ್ದ ಒಬ್ಬ ಹಿರಿಯ ಕೆಲಸಗಾರರು ಕ್ರೇಟಿನ ಬಾಯಿಯ ಸುತ್ತ ಹೊರಕ್ಕೆ ಮಡಚಿಕೊಂಡಿರುವ ಅಂಚನ್ನು ತೋರಿಸಿ, ಇಲ್ಲಿ ಮೀನು ತಾಗುವುದೇ ಇಲ್ಲವಲ್ಲ ಎಂದರು. ಆ ಅಂಚಿನ ಅಡಿಯಲ್ಲಿ, ಹೊರಮುಖವಾಗಿ ಟ್ಯಾಗ್ ಇಟ್ಟಾಗ ಮೀನಿನಿಂದ ಎರಡು ಬೆರಳಿನಷ್ಟು ಅಂತರ ತಾನಾಗಿ ಸಿಕ್ಕಿತು ಮತ್ತು ಅದೇ ಕ್ರೇಟು, ಅದೇ ಮೀನು, ಅದೇ ರೀಡರ್ ಇದ್ದರೂ ಒಂದೊಂದಾಗಿ ಎಲ್ಲವೂ ಓದಿದವು. ಅಂಚಿನ ಅಡಿಯಲ್ಲಿರುವುದರಿಂದ ಕ್ರೇಟುಗಳನ್ನು ಒಂದರ ಮೇಲೊಂದು ಎಸೆದಾಗ ಟ್ಯಾಗಿಗೆ ಪೆಟ್ಟೂ ಕಡಿಮೆ.

ಥರ್ಮೋಕೋಲ್ ಪೆಟ್ಟಿಗೆಗಳಲ್ಲಿ ಈ ಕಷ್ಟವಿಲ್ಲ. ಥರ್ಮೋಕೋಲ್ ಎಂಬುದು ಹೆಚ್ಚುಕಡಿಮೆ ಗಾಳಿಯೇ ಆಗಿರುವುದರಿಂದ ಅದರ ದಪ್ಪ ಗೋಡೆಯೇ ಬೇಕಾದ ಅಂತರವನ್ನು ಒದಗಿಸುತ್ತದೆ.

ಆನ್-ಮೆಟಲ್ ಟ್ಯಾಗ್ ಎಂದರೇನು? ಅದನ್ನು ಬಳಸಿದರೆ ಲೋಹದ ಸಮಸ್ಯೆ ಪೂರ್ತಿ ಪರಿಹಾರವಾಗುತ್ತದೆಯೇ?

ಆನ್-ಮೆಟಲ್ ಟ್ಯಾಗ್ ಲೋಹವನ್ನು ತಡೆಯುವುದಿಲ್ಲ, ಲೋಹವನ್ನೇ ತನ್ನ ಆಂಟೆನಾದ ಒಂದು ಭಾಗವಾಗಿ ಬಳಸಿಕೊಳ್ಳುತ್ತದೆ. ಸೆರಾಮಿಕ್, ಫೋಮ್ ಅಥವಾ ಗಟ್ಟಿ ಪ್ಲಾಸ್ಟಿಕ್ಕಿನ ಒಂದು ಪದರದ ಮೇಲೆ ಆಂಟೆನಾವನ್ನು ಕೂರಿಸಿ, ಹಿಂದೆ ಲೋಹ ಇದ್ದೇ ಇರುತ್ತದೆ ಎಂಬ ಲೆಕ್ಕದಲ್ಲಿ ಅದರ ಶ್ರುತಿಯನ್ನು ಹೊಂದಿಸಿರುತ್ತಾರೆ. ಹಾಗಾಗಿ ಇಂಥ ಅನೇಕ ಟ್ಯಾಗ್‌ಗಳು ಮರದ ಮೇಲೆ ಇಟ್ಟಾಗ ಓದುವ ದೂರಕ್ಕಿಂತ ಕಬ್ಬಿಣದ ಮೇಲೆ ಇಟ್ಟಾಗ ಹೆಚ್ಚು ದೂರದಿಂದ ಓದುತ್ತವೆ. ಅಂಟಿಸುವಾಗ ಲೋಹಕ್ಕೆ ಸಮತಟ್ಟಾಗಿ, ಗಾಳಿ ಗುಳ್ಳೆಗಳಿಲ್ಲದೆ ಕೂರಬೇಕು. ಒಂದು ತುದಿ ಎದ್ದು ನಿಂತರೆ ಆ ಲೆಕ್ಕ ತಪ್ಪುತ್ತದೆ.

ಇವುಗಳ ಬಗ್ಗೆ ಒಂದು ಎಚ್ಚರಿಕೆಯನ್ನು ಒತ್ತಿ ಹೇಳಲೇಬೇಕು. ಆನ್-ಮೆಟಲ್ ಟ್ಯಾಗ್‌ಗಳು ಕಿರಿದಾದ ತರಂಗಪಟ್ಟಿಯಲ್ಲಿ ಮಾತ್ರ ಚೆನ್ನಾಗಿ ಕೆಲಸ ಮಾಡುತ್ತವೆ. ಅಮೆರಿಕದಲ್ಲಿ ಬಳಕೆಯಲ್ಲಿರುವುದು 902ರಿಂದ 928 ಮೆಗಾಹರ್ಟ್ಸ್, ನಮ್ಮ ದೇಶದ್ದು ಯುರೋಪಿನದಕ್ಕೆ ಹತ್ತಿರವಾದ 865ರ ಸುತ್ತಲಿನ ಪಟ್ಟಿ. ಹೊರನೋಟಕ್ಕೆ ಎರಡೂ ಟ್ಯಾಗ್‌ಗಳು ಒಂದೇ ರೀತಿ ಇರುತ್ತವೆ. ಕೆಲವು ವರ್ಷಗಳ ಹಿಂದೆ ನಾನೇ ಒಮ್ಮೆ ಪೆಟ್ಟಿಗೆಯ ಮೇಲೆ ಬರೆದ ತರಂಗಪಟ್ಟಿಯನ್ನು ಸರಿಯಾಗಿ ಓದದೆ ಅಮೆರಿಕದ ಪಟ್ಟಿಯ ಟ್ಯಾಗ್‌ಗಳನ್ನು ತರಿಸಿ, ಮೂರು ದಿನ ರೀಡರಿನಲ್ಲೇ ದೋಷವಿದೆ ಎಂದು ಹುಡುಕುತ್ತಾ ಕಳೆದಿದ್ದೇನೆ. ಎರಡು ಮೀಟರ್ ಓದಬೇಕಾದದ್ದು ಮೂಗಿಗೆ ಹಿಡಿದರೆ ಮಾತ್ರ ಓದುತ್ತಿತ್ತು. ಆರ್ಡರ್ ಕೊಡುವಾಗ 865–868 ಮೆಗಾಹರ್ಟ್ಸ್ ಎಂದು ಬರವಣಿಗೆಯಲ್ಲೇ ಕೇಳಿ ಪಡೆಯುವುದು ಕ್ಷೇಮ.

ಅಷ್ಟು ಬೆಲೆ ಕೊಡಲಾಗದಿದ್ದರೆ ಅಗ್ಗದ ಉಪಾಯವೇನಾದರೂ ಇದೆಯೇ?

ಇದೆ. ಸಾಮಾನ್ಯ ಸ್ಟಿಕ್ಕರ್ ಟ್ಯಾಗನ್ನು ಫೋಮ್ ಪಟ್ಟಿಯ ಮೇಲೆ ಅಂಟಿಸಿ, ಆ ಪಟ್ಟಿಯನ್ನು ಲೋಹಕ್ಕೆ ಅಂಟಿಸಿದರೆ ಓದುವ ದೂರ ಕಡಿಮೆಯಾದರೂ ಕೆಲಸ ನಡೆಯುತ್ತದೆ. ಸಿದ್ಧಾಂತದ ಪ್ರಕಾರ ಲೋಹದಿಂದ ಕಾಲು ತರಂಗಾಂತರ, ಅಂದರೆ 866 ಮೆಗಾಹರ್ಟ್ಸ್‌ನಲ್ಲಿ ಸುಮಾರು 8.7 ಸೆಂಟಿಮೀಟರ್ ದೂರದಲ್ಲಿ ಕ್ಷೇತ್ರ ಅತ್ಯಂತ ಪ್ರಬಲವಾಗಿರುತ್ತದೆ, ಆದರೆ ಡ್ರಮ್ಮಿನಿಂದ ಅಷ್ಟು ಹೊರಚಾಚಿದ ಟ್ಯಾಗು ಒಂದು ದಿನವೂ ಉಳಿಯುವುದಿಲ್ಲ. ಒಂದರಿಂದ ಒಂದೂವರೆ ಸೆಂಟಿಮೀಟರ್ ಅಂತರ ವ್ಯವಹಾರಕ್ಕೆ ಒಗ್ಗುವ ರಾಜಿ. ಇನ್ನೊಂದು ಉಪಾಯವೆಂದರೆ ಬಾವುಟದಂತೆ ಅರ್ಧ ಮಾತ್ರ ಅಂಟಿ, ಉಳಿದರ್ಧ ಹೊರಕ್ಕೆ ನಿಲ್ಲುವ ಟ್ಯಾಗ್. ಸಿಲಿಂಡರಿನ ಕುತ್ತಿಗೆಗೆ ಅಥವಾ ಔಷಧದ ಬಾಟಲಿಗೆ ಇದು ಹೊಂದುತ್ತದೆ. ಫೋಮ್ ಆರಿಸುವಾಗ ನೀರು ಹೀರದ, ಮುಚ್ಚಿದ ಕೋಶಗಳುಳ್ಳದ್ದನ್ನೇ ಆರಿಸಬೇಕು. ನೀರು ಕುಡಿದ ಸ್ಪಂಜು ಟ್ಯಾಗಿನ ಹಿಂದೆ ಕುಳಿತರೆ ಲೋಹದ ತೊಂದರೆಗೆ ನೀರಿನ ತೊಂದರೆಯನ್ನೂ ಸೇರಿಸಿದಂತಾಗುತ್ತದೆ.

ರೀಡರಿನ ಪವರನ್ನು ಪೂರ್ತಿ ಏರಿಸಿದರೆ ಸಾಲದೇ?

ಸಾಲದು, ಮತ್ತು ನಾವು ಅತಿ ಹೆಚ್ಚು ಬಾರಿ ತಿದ್ದಬೇಕಾಗಿ ಬರುವ ಅಭ್ಯಾಸ ಇದೇ. ಹ್ಯಾಂಡ್‌ಹೆಲ್ಡ್‌ಗಳಲ್ಲಿ ಸಾಮಾನ್ಯವಾಗಿ ಗರಿಷ್ಠ ಮಟ್ಟ 30 ಡಿಬಿಎಂ (ರೇಡಿಯೊ ಶಕ್ತಿಯನ್ನು ಹೇಳುವ ಮಾಪಕ), ಅಂದರೆ 1 ವ್ಯಾಟ್. 27 ಡಿಬಿಎಂ ಎಂದರೆ ಅದರ ಅರ್ಧ, 24 ಎಂದರೆ ಕಾಲು ಭಾಗ. ತೆರೆದ ಗಾಳಿಯಲ್ಲಿಯೂ ಓದುವ ದೂರವನ್ನು ಎರಡು ಪಟ್ಟು ಮಾಡಬೇಕಾದರೆ ಶಕ್ತಿಯನ್ನು ನಾಲ್ಕು ಪಟ್ಟು ಮಾಡಬೇಕಾಗುತ್ತದೆ. ಉಪ್ಪುನೀರಿನೊಳಗಂತೂ ಶಕ್ತಿಯನ್ನು ಎರಡು ಪಟ್ಟು ಮಾಡಿದ್ದಕ್ಕೆ ಪ್ರತಿಯಾಗಿ ಸಿಗುವುದು ಅರ್ಧ ಸೆಂಟಿಮೀಟರಿಗಿಂತಲೂ ಕಡಿಮೆ ಆಳ. ಟ್ಯಾಗನ್ನು ಮೀನಿನಿಂದ ಒಂದು ಬೆರಳು ಆಚೆ ಸರಿಸಿದರೆ ಇದಕ್ಕಿಂತ ಎಷ್ಟೋ ಹೆಚ್ಚು ಲಾಭ, ಖರ್ಚೂ ಇಲ್ಲ. ಮೇಲಾಗಿ, ಪೂರ್ತಿ ಪವರಿನಲ್ಲಿ ಬ್ಯಾಟರಿ ಬೇಗ ಇಳಿಯುತ್ತದೆ. ಕಬ್ಬಿಣದ ರ್‍ಯಾಕುಗಳಿಂದ ಪುಟಿದ ಅಲೆ ಹಿಂದಿನ ಸಾಲಿನ ಟ್ಯಾಗ್‌ಗಳನ್ನೂ ಎಬ್ಬಿಸಿ, ಬೇಡದ ಲೆಕ್ಕವನ್ನು ತಂದು ಸೇರಿಸುತ್ತದೆ.

ರೀಡರನ್ನು ಹೇಗೆ ಹಿಡಿಯಬೇಕು, ಹೇಗೆ ಬೀಸಬೇಕು?

ಲೋಹದ ಮುಂದೆ ನಿಂತಾಗ ಹೋಗುವ ಅಲೆ ಮತ್ತು ಬರುವ ಅಲೆ ಸೇರಿ, ಗಾಳಿಯಲ್ಲಿ ಪ್ರಬಲ ಮತ್ತು ದುರ್ಬಲ ಜಾಗಗಳು ಪದರ ಪದರವಾಗಿ ಏರ್ಪಡುತ್ತವೆ. ಒಂದು ದುರ್ಬಲ ಜಾಗದಿಂದ ಪಕ್ಕದ ಪ್ರಬಲ ಜಾಗಕ್ಕೆ ಇರುವ ದೂರ ಸುಮಾರು ಒಂದು ಅಂಗೈ ಅಗಲ. ಆದ್ದರಿಂದ ಓದದ ಟ್ಯಾಗಿನ ಎದುರು ಟ್ರಿಗರನ್ನು ಒತ್ತಿ ಹಿಡಿದು ಕಂಬದಂತೆ ನಿಲ್ಲುವುದರಿಂದ ಪ್ರಯೋಜನವಿಲ್ಲ. ರೀಡರನ್ನು ಅಂಗೈ ಅಗಲದಷ್ಟು ಹಿಂದೆ ಮುಂದೆ, ಆಮೇಲೆ ಎಡಕ್ಕೆ ಬಲಕ್ಕೆ ನಿಧಾನವಾಗಿ ಸರಿಸಬೇಕು. ಆರತಿ ಎತ್ತುವವರ ಕೈಯಷ್ಟು ನಿಧಾನ ಎಂದು ನಾವು ಕಲಿಸುವಾಗ ಹೇಳುವುದುಂಟು. ರಭಸದಿಂದ ಬೀಸಿದರೆ ಚಿಪ್ ಎಚ್ಚೆತ್ತು ಉತ್ತರಿಸುವಷ್ಟರಲ್ಲಿ ಅಲೆ ಮುಂದೆ ಹೋಗಿರುತ್ತದೆ.

ರೀಡರಿನ ಆಂಟೆನಾ ಅಲೆಯನ್ನು ಒಂದೇ ದಿಕ್ಕಿನಲ್ಲಿ ಮಿಡಿಸುವಂಥದ್ದಾಗಿದ್ದರೆ, ಟ್ಯಾಗಿನ ಉದ್ದವೂ ಅದೇ ದಿಕ್ಕಿಗಿರಬೇಕು. ಅಡ್ಡಲಾಗಿದ್ದರೆ ಮಣಿಕಟ್ಟನ್ನು ತಿರುಗಿಸಿ ರೀಡರನ್ನೇ ಅಡ್ಡ ಮಾಡಬೇಕು. ಸುತ್ತುವ ಅಲೆಯನ್ನು ಕಳುಹಿಸುವ ಆಂಟೆನಾಗಳಿಗೆ ಈ ನಿರ್ಬಂಧವಿಲ್ಲವಾದರೂ ಅರ್ಧದಷ್ಟು ಶಕ್ತಿ ಅಲ್ಲೇ ಬಿಟ್ಟುಹೋಗುತ್ತದೆ. ಲೋಹಕ್ಕೆ ಅಂಟಿದ ಟ್ಯಾಗನ್ನು ಎದುರಿನಿಂದ ಓದಿಸಬೇಕೇ ಹೊರತು ಓರೆಯಿಂದಲ್ಲ. ಇನ್ನೊಂದು ಸಣ್ಣ ವಿಷಯ: ಎಡಗೈಯಿಂದ ಪೆಟ್ಟಿಗೆಯನ್ನು ಹಿಡಿದು ಬಲಗೈಯಿಂದ ಓದಿಸುವಾಗ ಎಡಗೈಯ ಬೆರಳುಗಳು ಅರಿವಿಲ್ಲದೆ ಟ್ಯಾಗಿನ ಮೇಲೆಯೇ ಕುಳಿತಿರುತ್ತವೆ.

ಗೋಡಂಬಿಯ ಟಿನ್ನುಗಳನ್ನು ಪೇರಿಸಿಟ್ಟ ಮೇಲೆ ಒಳಗಿನ ಸಾಲಿನವು ಓದುವುದಿಲ್ಲ. ಏನು ಮಾಡಬೇಕು?

11.34 ಕಿಲೋ ಗೋಡಂಬಿ ತಿರುಳು ಹಿಡಿಯುವ ಚೌಕ ಟಿನ್ನುಗಳನ್ನು ಒತ್ತೊತ್ತಾಗಿ ಪೇರಿಸಿದಾಗ ಅದು ರೇಡಿಯೊ ಅಲೆಗೆ ಒಂದು ಕಬ್ಬಿಣದ ಗೋಡೆ. ಒಳಸಾಲಿನ ಟಿನ್ನಿನ ಮುಖಕ್ಕೆ ಅಂಟಿಸಿದ ಟ್ಯಾಗಿನ ಎದುರಿಗೇ ಇನ್ನೊಂದು ಟಿನ್ನಿನ ಮುಖ ತಾಗಿಕೊಂಡಿದ್ದರೆ, ಎರಡು ಲೋಹದ ಹಾಳೆಗಳ ನಡುವಿನ ಕೂದಲೆಳೆಯ ಸಂದಿಗೆ 34.6 ಸೆಂಟಿಮೀಟರ್ ಉದ್ದದ ಅಲೆ ಇಳಿಯಲಾರದು. ಯಾವ ಆನ್-ಮೆಟಲ್ ಟ್ಯಾಗೂ, ಯಾವ ರೀಡರೂ ಇಲ್ಲಿ ಸಹಾಯಕ್ಕೆ ಬಾರದು ಎಂಬುದನ್ನು ಮಾರಾಟಗಾರರು ಹೇಳದಿದ್ದರೂ ನಾವು ಹೇಳುವುದು ಕರ್ತವ್ಯ. ಎರಡೆರಡು ಟಿನ್ನುಗಳನ್ನು ರಟ್ಟಿನ ಪೆಟ್ಟಿಗೆಗೆ ಹಾಕುವ ಪದ್ಧತಿಯಿದ್ದಲ್ಲಿ ಪೆಟ್ಟಿಗೆಗೆ ಟ್ಯಾಗ್ ಹಾಕಿ, ಟ್ಯಾಗಿನ ಮುಖ ಹೊರಗೆ ಕಾಣುವಂತೆ ಪೇರಿಸುವ ಶಿಸ್ತನ್ನು ತರಬೇಕು. ಅದೂ ಆಗದಿದ್ದರೆ ಪೇರಿಸುವುದಕ್ಕೆ ಮೊದಲೇ, ಟಿನ್ನು ಒಂದೊಂದಾಗಿ ತೂಕದ ಮೇಜಿನ ಮೇಲೆ ಬರುವಾಗಲೇ ಓದಿಸಿಕೊಂಡು, ಪೂರ್ತಿ ರಾಶಿಗೆ ಒಂದು ಟ್ಯಾಗನ್ನು ಕೊಟ್ಟು ಲೆಕ್ಕ ಇಡುವುದು ಹೆಚ್ಚು ನಂಬಿಕೆಗೆ ಅರ್ಹವಾದ ದಾರಿ. ಬೆಳ್ಳಿಯಂತೆ ಹೊಳೆಯುವ ಪೌಚುಗಳಲ್ಲಿಯೂ ಅಲ್ಯೂಮಿನಿಯಂ ಪದರ ಇರುವುದರಿಂದ ಅವುಗಳನ್ನು ತಗಡೆಂದೇ ಎಣಿಸಬೇಕು. ಇಂಗಾಲ ಬೆರೆಸಿ ವಿದ್ಯುತ್ ಹರಿಯುವಂತೆ ಮಾಡಿದ ಕಪ್ಪು ಪ್ಲಾಸ್ಟಿಕ್ ಕ್ರೇಟುಗಳೂ ಅಲೆಯನ್ನು ಹೀರುತ್ತವೆ.

ಒಂದೇ ಡ್ರಮ್ಮನ್ನು ಓದಿಸಲು ಹೋದರೆ ಪಕ್ಕದ ನಾಲ್ಕು ಓದುತ್ತವೆ. ಬೇಕಾದ್ದನ್ನು ಮಾತ್ರ ಗುರುತಿಸುವುದು ಹೇಗೆ?

ಪವರನ್ನು 15ರಿಂದ 20 ಡಿಬಿಎಂಗೆ ಇಳಿಸಿ ಟ್ಯಾಗಿನ ಹತ್ತಿರ ಹೋಗುವುದೇ ಸರಳ ಉಪಾಯ. ಬಹುತೇಕ ಹ್ಯಾಂಡ್‌ಹೆಲ್ಡ್‌ಗಳಲ್ಲಿ ಒಂದು ನಿರ್ದಿಷ್ಟ ಸಂಖ್ಯೆಯನ್ನು ಮಾತ್ರ ಹುಡುಕುವ, ಹತ್ತಿರವಾದಂತೆ ಬೀಪ್ ಸದ್ದು ವೇಗವಾಗುವ ವ್ಯವಸ್ಥೆ ಇರುತ್ತದೆ. ಅದು ನೋಡುವುದು ಹಿಂದಿರುಗಿದ ಸಂಕೇತದ ಬಲವನ್ನು. ಲೋಹದ ನಡುವೆ ಪುಟಿದುಬಂದ ಅಲೆಯೂ ಬಲವಾಗಿಯೇ ಇರಬಹುದಾದ್ದರಿಂದ, ಒಂದೇ ಕಡೆಯಿಂದ ನೋಡಿ ತೀರ್ಮಾನಿಸದೆ ಎರಡು ಬದಿಗಳಿಂದ ಪರೀಕ್ಷಿಸಬೇಕು.

ಯುಎಚ್‌ಎಫ್ ಬಿಟ್ಟು ಬೇರೆ ತರಂಗಪಟ್ಟಿಗೆ ಹೋಗುವುದು ಯಾವಾಗ ಉಚಿತ?

ಓದುವ ದೂರ ಕೆಲವೇ ಸೆಂಟಿಮೀಟರ್ ಇದ್ದರೂ ಸಾಕು, ಆದರೆ ನೀರಿನ ನಡುವೆ ತಪ್ಪದೆ ಓದಲೇಬೇಕು ಎಂಬಲ್ಲಿ. 13.56 ಮೆಗಾಹರ್ಟ್ಸ್‌ನ ಎಚ್‌ಎಫ್ ಮತ್ತು 125ರಿಂದ 134.2 ಕಿಲೋಹರ್ಟ್ಸ್‌ನ ಎಲ್‌ಎಫ್ ಟ್ಯಾಗ್‌ಗಳು ಕಾಂತಕ್ಷೇತ್ರದ ಮೂಲಕ ಮಾತನಾಡುವುದರಿಂದ ಅವುಗಳಿಗೆ ನೀರಿನ ಅಡ್ಡಿ ಬಹಳ ಕಡಿಮೆ. ರಕ್ತದ ಚೀಲ, ಸಲೈನ್ ಬಾಟಲಿ, ಪ್ರಯೋಗಾಲಯದ ಮಾದರಿಗಳಿಗೆ ಎಚ್‌ಎಫ್ ಒಪ್ಪುತ್ತದೆ. ದನಕರುಗಳ ಚರ್ಮದಡಿ ಹಾಕುವ ಟ್ಯಾಗ್‌ಗಳು ಎಲ್‌ಎಫ್‌ನವು. ಆದರೆ ಲೋಹದಿಂದ ಇವುಗಳಿಗೂ ಬಿಡುಗಡೆಯಿಲ್ಲ; ಎಚ್‌ಎಫ್ ಟ್ಯಾಗನ್ನು ಸ್ಟೀಲಿನ ಮೇಲೆ ಅಂಟಿಸಬೇಕಾದರೆ ನಡುವೆ ಕಾಂತಕ್ಷೇತ್ರವನ್ನು ಲೋಹಕ್ಕೆ ತಾಗದಂತೆ ತನ್ನೊಳಗೇ ಹಾಯಿಸುವ ಫೆರೈಟ್ ಹಾಳೆ ಇರಲೇಬೇಕು. ಮೊಬೈಲಿನಲ್ಲಿರುವ, ತೀರಾ ಹತ್ತಿರದ ಟ್ಯಾಗ್ ಓದುವ ಎನ್‌ಎಫ್‌ಸಿ ವ್ಯವಸ್ಥೆಯಿಂದ ಯುಎಚ್‌ಎಫ್ ಟ್ಯಾಗ್ ಓದಿಸಬಹುದೇ ಎಂದು ಕೇಳುವವರಿದ್ದಾರೆ. ಎನ್‌ಎಫ್‌ಸಿ ಕೆಲಸ ಮಾಡುವುದು 13.56 ಮೆಗಾಹರ್ಟ್ಸ್‌ನಲ್ಲಿ, ಆದ್ದರಿಂದ ಸಾಧ್ಯವಿಲ್ಲ.

ಕಂಟೇನರಿನ ಬಾಗಿಲು ಮುಚ್ಚಿದ ಮೇಲೆ ಒಳಗಿನ ಸರಕನ್ನು ಹೊರಗಿನಿಂದ ಓದಿಸಬಹುದೇ?

ಇಲ್ಲ. ಪಣಂಬೂರಿನ ಬಂದರಿಗೆ ಹೋಗುವ ಸ್ಟೀಲ್ ಕಂಟೇನರ್ ನಾಲ್ಕೂ ಕಡೆ ಮುಚ್ಚಿದ ಪೆಟ್ಟಿಗೆ. ಹಾಗೆ ಓದಿಸಬಹುದೆಂದು ಯಾರಾದರೂ ಭರವಸೆ ಕೊಟ್ಟರೆ ಎದುರಿಗೇ ಮಾಡಿ ತೋರಿಸಲು ಕೇಳಿ. ಕಂಟೇನರಿಗೆ ತುಂಬುವಾಗ ಬಾಗಿಲ ಬಳಿಯೇ ಓದಿಸಿಕೊಳ್ಳಬೇಕು. ಬಾಗಿಲಿಗೆ ಹೊರಗಿನಿಂದ ಮೊಹರಾಗಿ ಹಾಕುವ ಬೋಲ್ಟಿನ ಮಾತು ಬೇರೆ. ರಫ್ತುದಾರರು ತಾವೇ ಮೊಹರು ಮಾಡುವ ಕಂಟೇನರುಗಳಿಗೆ 2017ರಲ್ಲಿ ಜಾರಿಗೆ ಬಂದ ಇ-ಸೀಲ್ ಎಂಬ ಈ ಬೋಲ್ಟಿನಲ್ಲಿ ಯುಎಚ್‌ಎಫ್ ಟ್ಯಾಗ್ ಇರುತ್ತದೆ. ಅದರ ಆಂಟೆನಾ ಪ್ಲಾಸ್ಟಿಕ್ ಕವಚದಲ್ಲಿ ಬಾಗಿಲಿನ ಲೋಹದಿಂದ ಹೊರಚಾಚಿಕೊಂಡಿರುವುದರಿಂದ ಹ್ಯಾಂಡ್‌ಹೆಲ್ಡ್‌ನಿಂದ ಓದಲು ಬರುತ್ತದೆ. ಅದು ಬಾಗಿಲಿನ ಸರಳಿನ ಹಿಂದಕ್ಕೆ ತಿರುಗಿಕೊಂಡಿದ್ದರೆ ಓದುವುದು ಕಷ್ಟ, ಆದ್ದರಿಂದ ಬೋಲ್ಟನ್ನು ಕೂರಿಸುವಾಗಲೇ ಮುಖ ಹೊರಗಿರುವಂತೆ ನೋಡಿಕೊಳ್ಳಬೇಕು.

ಫಾಸ್ಟ್ಯಾಗ್ ಕೂಡ ಇದೇ ತಂತ್ರಜ್ಞಾನವಲ್ಲವೇ? ಕಾರು ಕಬ್ಬಿಣದ್ದಾದರೂ ಅದು ಹೇಗೆ ಓದುತ್ತದೆ?

ಹೌದು, 2021ರ ಫೆಬ್ರವರಿಯಿಂದ ರಾಷ್ಟ್ರೀಯ ಹೆದ್ದಾರಿಯ ಟೋಲ್‌ಗಳಲ್ಲಿ ಕಡ್ಡಾಯವಾದ ಫಾಸ್ಟ್ಯಾಗ್ ಬ್ಯಾಟರಿಯಿಲ್ಲದ ಯುಎಚ್‌ಎಫ್ ಟ್ಯಾಗೇ. ಅದನ್ನು ಅಂಟಿಸುವುದು ಗಾಜಿಗೆ, ಲೋಹದ ಚೌಕಟ್ಟಿನಿಂದ ದೂರದಲ್ಲಿ. ಹೆಜಮಾಡಿಯಲ್ಲೋ ಸಾಸ್ತಾನದಲ್ಲೋ ಮೇಲಿನ ರೀಡರಿಗೆ ಟ್ಯಾಗ್ ಸಿಗದಿದ್ದಾಗ ಸಿಬ್ಬಂದಿ ಹ್ಯಾಂಡ್‌ಹೆಲ್ಡ್ ಹಿಡಿದು ಗಾಜಿನ ಹತ್ತಿರ ಬರುತ್ತಾರೆ. ಬಿಸಿಲು ತಡೆಯಲು ಲೋಹದ ಲೇಪ ಕೊಟ್ಟ ಗಾಜುಗಳಲ್ಲಿ, ಕನ್ನಡಿಯ ಹಿಂದೆ ಲೇಪವಿಲ್ಲದೆ ಬಿಟ್ಟ ಜಾಗದಲ್ಲೇ ಅದನ್ನು ಅಂಟಿಸಬೇಕು.

ನಮ್ಮ ಮಳೆಗಾಲ ಮತ್ತು ಉಪ್ಪುಗಾಳಿಯನ್ನು ಈ ಸಾಮಗ್ರಿಗಳು ತಾಳಿಕೊಳ್ಳುತ್ತವೆಯೇ?

ವರ್ಷಕ್ಕೆ 3,500 ಮಿಲಿಮೀಟರಿನಷ್ಟು ಮಳೆ ಬೀಳುವ ಊರಿನಲ್ಲಿ ಈ ಪ್ರಶ್ನೆಯನ್ನು ಖರೀದಿಗೆ ಮೊದಲೇ ಕೇಳಬೇಕು. ಧೂಳು ಮತ್ತು ನೀರನ್ನು ಎಷ್ಟು ತಡೆಯುತ್ತದೆ ಎಂದು ಹೇಳುವ ಐಪಿ ಅಳತೆಯಲ್ಲಿ ರೀಡರ್ ಕನಿಷ್ಠ ಐಪಿ 65 ಮಟ್ಟದ್ದಿರಲಿ, ದಕ್ಕೆಯಲ್ಲಿ ಬಳಸುವುದಾದರೆ ಐಪಿ 67. ಎರಡನೆಯದು ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಮುಳುಗಿದರೂ ಒಳಗೆ ನೀರು ಹೋಗದಂಥದ್ದು. ಆದರೂ ಆ ಪರೀಕ್ಷೆ ಸಿಹಿನೀರಿನದು. ಬಟ್ಟೆಯೊಂದನ್ನು ಸಿಹಿನೀರಿನಲ್ಲಿ ಅದ್ದಿ ಹಿಂಡಿ, ಉಪ್ಪುನೀರು ತಾಗಿದ ರೀಡರನ್ನು ಸಂಜೆ ಅದರಿಂದ ಒರೆಸಿ, ಚಾರ್ಜಿಂಗ್ ಮೊನೆಗಳನ್ನು ಒಣಗಿಸಿದ ಮೇಲೆಯೇ ಚಾರ್ಜಿಂಗ್ ತೊಟ್ಟಿಲಲ್ಲಿ ಇಡಬೇಕು. ನಾವು ಕಂಡ ಮಟ್ಟಿಗೆ ಇಲ್ಲಿ ರೀಡರುಗಳು ಮೊದಲು ಕೆಡುವುದು ಆ ಹಿತ್ತಾಳೆ ಬಣ್ಣದ ಮೊನೆಗಳು ಹಸಿರುಗಟ್ಟುವುದರಿಂದ.

ಟ್ಯಾಗ್‌ಗಳ ಪೈಕಿ ಕಾಗದದ ಮುಖವುಳ್ಳವು ಜೂನ್ ತಿಂಗಳ ಗಾಳಿಯ ತೇವವನ್ನೇ ಹೀರಿ ಮಂಕಾಗುತ್ತವೆ, ಮೇಲೆ ನೀರಿನ ಪದರ ನಿಂತರೆ ಓದುವುದೇ ಇಲ್ಲ. ಕೈಯಿಂದಲೋ ಬಟ್ಟೆಯಿಂದಲೋ ಒಮ್ಮೆ ಒರೆಸಿದರೆ ಮತ್ತೆ ಓದುತ್ತವೆ. ಹೊರಗೆ ಬಳಸಲು ಗಟ್ಟಿ ಪ್ಲಾಸ್ಟಿಕ್ ಕವಚದ ಟ್ಯಾಗನ್ನೇ ಕೊಳ್ಳಬೇಕು. ತುಕ್ಕು ಹಿಡಿದ ಅಥವಾ ಎಣ್ಣೆ ಪಸೆಯಿರುವ ಮೈಗೆ ಅಂಟು ಹಿಡಿಯುವುದಿಲ್ಲ. ಉಜ್ಜಿ, ಸ್ಪಿರಿಟ್ಟಿನಿಂದ ಒರೆಸಿ, ಒಣಗಿದ ಮೇಲೆ ಅಂಟಿಸಬೇಕು. ಸಾಧ್ಯವಿದ್ದಲ್ಲಿ ರಿವೆಟ್ ಅಥವಾ ಎಪಾಕ್ಸಿ ಬಳಸುವುದು ಮೇಲು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಬೋಟುಗಳು ಕಡಲಿಗಿಳಿಯದ ದಿನಗಳಲ್ಲಿ ಕ್ರೇಟುಗಳು ಖಾಲಿಯಾಗಿ ದಡದಲ್ಲೇ ಇರುವುದರಿಂದ ಟ್ಯಾಗ್ ಹಾಕುವ ಕೆಲಸಕ್ಕೆ ಅದೇ ಸಮಯ, ಆದರೆ ಮಾಡಿನ ಅಡಿಯಲ್ಲಿ, ಒಣಗಿದ ಕ್ರೇಟುಗಳ ಮೇಲೆ.

ಅಡುಗೆ ಅನಿಲದ ಸಿಲಿಂಡರ್, ಪೆಟ್ರೋಲ್ ಇರುವ ಕಡೆ ರೀಡರ್ ಒಯ್ಯಬಹುದೇ?

ಸಾಮಾನ್ಯ ರೀಡರನ್ನು ಒಯ್ಯಲೇಬಾರದು. ಇಲ್ಲಿ ಪ್ರಶ್ನೆ ಲೋಹದ್ದೂ ಅಲ್ಲ, ದ್ರವದ್ದೂ ಅಲ್ಲ, ಜೀವದ್ದು. ಸುಡುವ ಅನಿಲ ಅಥವಾ ಆವಿ ಇರಬಹುದಾದ ವಲಯಗಳಲ್ಲಿ, ಕಿಡಿ ಹೊರಡದಂತೆ ವಿನ್ಯಾಸಗೊಂಡು ಆ ವಲಯಕ್ಕೆ ಪ್ರಮಾಣೀಕರಣ ಪಡೆದ ಉಪಕರಣ ಮಾತ್ರ ಇರಬೇಕು. ನಮ್ಮ ದೇಶದಲ್ಲಿ ಈ ವಿಷಯವನ್ನು ನೋಡಿಕೊಳ್ಳುವುದು ನಾಗಪುರದಲ್ಲಿ ಕೇಂದ್ರ ಕಚೇರಿಯುಳ್ಳ ಪೆಟ್ರೋಲಿಯಂ ಮತ್ತು ಸ್ಫೋಟಕಗಳ ಸುರಕ್ಷತಾ ಸಂಸ್ಥೆ, ಅಂದರೆ ಪೆಸೊ. ಸ್ಥಳದ ಸುರಕ್ಷತಾ ಅಧಿಕಾರಿಯ ಲಿಖಿತ ಒಪ್ಪಿಗೆಯಿಲ್ಲದೆ ರೀಡರನ್ನು ಆನ್ ಕೂಡ ಮಾಡಬೇಡಿ, ಬ್ಯಾಟರಿಯನ್ನು ಅಲ್ಲಿ ಬದಲಿಸಬೇಡಿ.

ರೀಡರ್ ಬಳಸಲು ಪರವಾನಗಿ ಬೇಕೇ?

2005ರ ಕೇಂದ್ರದ ನಿಯಮದ ಪ್ರಕಾರ 865–867 ಮೆಗಾಹರ್ಟ್ಸ್ ಪಟ್ಟಿಯಲ್ಲಿ, ಪ್ರಸಾರ ಶಕ್ತಿ 1 ವ್ಯಾಟ್ ಮತ್ತು ಆಂಟೆನಾ ಸೇರಿ ವಿಕಿರಣ ಶಕ್ತಿ 4 ವ್ಯಾಟ್ ಮೀರದಂತೆ ಬಳಸುವ ಆರ್‌ಎಫ್‌ಐಡಿ ಸಾಧನಗಳಿಗೆ ಪರವಾನಗಿಯ ಅಗತ್ಯವಿಲ್ಲ. 2021ರಲ್ಲಿ ಈ ಪಟ್ಟಿಯನ್ನು 868ರವರೆಗೆ ವಿಸ್ತರಿಸಲಾಯಿತು. ವಿದೇಶದಿಂದ ಯಾರೋ ತಂದುಕೊಟ್ಟ ರೀಡರ್ 915ರ ಸುತ್ತ ಪ್ರಸಾರ ಮಾಡುವಂಥದ್ದಾಗಿದ್ದರೆ ಅದಕ್ಕೆ ಈ ವಿನಾಯಿತಿ ಅನ್ವಯಿಸುವುದಿಲ್ಲ.

ಪೇಸ್‌ಮೇಕರ್ ಇರುವ ಸಿಬ್ಬಂದಿ ರೀಡರ್ ಹಿಡಿಯಬಹುದೇ?

ಅವರ ವೈದ್ಯರನ್ನು ಕೇಳದೆ ಆ ಕೆಲಸ ಕೊಡಬೇಡಿ. ಉಳಿದವರೂ ರೀಡರಿನ ಮುಖವನ್ನು ಬೇರೆಯವರ ಎದೆಗೆ ಹತ್ತಿರ ಹಿಡಿಯದಿರುವ ಅಭ್ಯಾಸ ಮಾಡಿಕೊಳ್ಳಬೇಕು.

ಸಾವಿರಗಟ್ಟಲೆ ಟ್ಯಾಗ್ ಕೊಳ್ಳುವ ಮೊದಲು ಪರೀಕ್ಷೆ ಮಾಡುವುದು ಹೇಗೆ?

ಮೂರು ನಾಲ್ಕು ಬಗೆಯ ಟ್ಯಾಗ್‌ಗಳನ್ನು ತಲಾ ಹತ್ತರಂತೆ ತರಿಸಿ, ನಿಮ್ಮದೇ ಸರಕಿನ ಮೇಲೆ, ನಿಮ್ಮದೇ ಜಾಗದಲ್ಲಿ, ಕೆಲಸ ನಡೆಯುವ ಹೊತ್ತಿನಲ್ಲೇ ಪರೀಕ್ಷಿಸಿ. ಖಾಲಿ ಡಬ್ಬಿಯ ಮೇಲೆ ಮಾಡಿದ ಪರೀಕ್ಷೆಗೆ ಬೆಲೆಯಿಲ್ಲ ಎಂಬುದನ್ನು ಮಲ್ಪೆಯ ಕ್ರೇಟುಗಳು ನಮಗೆ ಕಲಿಸಿವೆ. ಒಂದೊಂದು ಟ್ಯಾಗನ್ನೂ ಮೂರು ಜಾಗಗಳಲ್ಲಿ ಅಂಟಿಸಿ ನೋಡಿ. ಪವರನ್ನು 30ರಿಂದ ಮೂರು ಮೂರು ಡಿಬಿಎಂ ಇಳಿಸುತ್ತಾ ಯಾವ ಮಟ್ಟದಲ್ಲಿ ಓದುವುದು ನಿಲ್ಲುತ್ತದೆ ಎಂದು ಬರೆದುಕೊಳ್ಳಿ. 30ರಲ್ಲಿ ಓದಿ 27ರಲ್ಲೇ ನಿಲ್ಲುವ ಟ್ಯಾಗು ಮಳೆ ಬಿದ್ದ ದಿನ ಕೈಕೊಡುತ್ತದೆ. 21ರಲ್ಲೂ ಓದುವ ಜಾಗ ಸಿಕ್ಕಿದರೆ ಅಲ್ಲಿಯೇ ಅಂಟಿಸಿ. ಈ ಪರೀಕ್ಷೆಯನ್ನು ಮಾರಾಟಗಾರರ ತಂತ್ರಜ್ಞರ ಕೈಯಿಂದಲ್ಲದೆ, ನಾಳೆ ನಿಜವಾಗಿ ರೀಡರ್ ಹಿಡಿಯುವ ನಿಮ್ಮ ಸಿಬ್ಬಂದಿಯ ಕೈಯಿಂದಲೇ ಮಾಡಿಸಿ.

ಇಷ್ಟೆಲ್ಲ ಮಾಡಿದ ಮೇಲೂ ಕೆಲವು ಟ್ಯಾಗ್‌ಗಳು ಓದದಿದ್ದರೆ?

ಟ್ಯಾಗಿನ ಮೇಲೆಯೇ ಬಾರ್‌ಕೋಡ್ ಮತ್ತು ಕಣ್ಣಿಗೆ ಓದಲು ಬರುವ ಸಂಖ್ಯೆಯನ್ನು ಮುದ್ರಿಸಿರಬೇಕು. ಬಹುತೇಕ ಹ್ಯಾಂಡ್‌ಹೆಲ್ಡ್‌ಗಳಲ್ಲಿ ಬಾರ್‌ಕೋಡ್ ಓದುವ ವ್ಯವಸ್ಥೆಯೂ ಇರುವುದರಿಂದ ಲೆಕ್ಕ ತಪ್ಪುವುದಿಲ್ಲ. ಓದದ ಟ್ಯಾಗನ್ನು ಕಿತ್ತೆಸೆಯುವ ಮೊದಲು ಅದನ್ನು ಬಿಡಿಸಿ, ಒರೆಸಿ, ಗಾಳಿಯಲ್ಲಿ ಹಿಡಿದು ಒಮ್ಮೆ ಓದಿಸಿ ನೋಡಿ. ಆಗ ಓದಿದರೆ ಬದಲಿಸಬೇಕಾದ್ದು ಟ್ಯಾಗನ್ನಲ್ಲ, ಅದನ್ನು ಅಂಟಿಸಿದ ಜಾಗವನ್ನು. ಆಗಲೂ ಓದದಿದ್ದರೆ ಮಾತ್ರ ಹೊಸ ಟ್ಯಾಗ್ ಹಾಕಿ, ಹಳೆಯ ಸಂಖ್ಯೆಯನ್ನು ದಾಖಲೆಯಲ್ಲಿ ರದ್ದುಪಡಿಸಿ.